ಭೂಕಂಪದ ಫಾರ್ವರ್ಡುಗಳಲ್ಲಿ ಬರುವ ಈ ‘ರಿಕ್ಟರ್’ ಯಾರು?

ಇವತ್ತು ರಾತ್ರಿ ಇಷ್ಟು ಗಂಟೆಗೆ ರಿಕ್ಟರ್ ಮಾಪಕದಲ್ಲಿ 8ರಷ್ಟು ಭೂಕಂಪ ಆಗಲಿದೆ, ಯಾರೂ ಮನೆಯೊಳಗೆ ಮಲಗಬೇಡಿ ಎಂಬ ಮೆಸೇಜು ನಿಮ್ಮ ಮೊಬೈಲಿಗೂ ಬಂದಿರಬಹುದು. ರಿಕ್ಟರ್ ಹೆಸರಿದ್ದರೆ ಸುದ್ದಿಗೆ ಒಂದು ತೂಕ ಬರುತ್ತದೆ. ಆದರೆ ಇಂಥ ಭವಿಷ್ಯವಾಣಿಗಳನ್ನು ಜೀವನವಿಡೀ ವಿರೋಧಿಸಿದವರೇ ಆ ರಿಕ್ಟರ್. ಅವರ ಬಗ್ಗೆ ಸ್ವಲ್ಪ ತಿಳಿಯೋಣ.

ಚಾರ್ಲ್ಸ್ ರಿಕ್ಟರ್ ಹುಟ್ಟಿದ್ದು 1900ರ ಏಪ್ರಿಲ್ 26ರಂದು, ಅಮೆರಿಕದ ಓಹಾಯೊದಲ್ಲಿ. ಬೆಳೆದದ್ದು ಭೂಕಂಪಗಳ ನಾಡಾದ ಕ್ಯಾಲಿಫೋರ್ನಿಯಾದಲ್ಲಿ. ಓದಿದ್ದು ಭೌತಶಾಸ್ತ್ರ. 1927ರಲ್ಲಿ ಪಸಡೀನಾದ ಭೂಕಂಪ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಮುಂದೆ ಅದೇ ಅವರ ಬದುಕಾಯಿತು.

ಆಗ ಭೂಕಂಪ ಎಷ್ಟು ದೊಡ್ಡದು ಎಂದು ಹೇಳುತ್ತಿದ್ದದ್ದು ಎಷ್ಟು ಮನೆ ಬಿತ್ತು, ಜನಕ್ಕೆ ಹೇಗೆ ಅನ್ನಿಸಿತು ಎನ್ನುವುದರ ಮೇಲೆ. ಜನರೇ ಇಲ್ಲದ ಮರುಭೂಮಿಯಲ್ಲಿ ನೆಲ ಎಷ್ಟೇ ನಡುಗಿದರೂ ಅದು ಸಣ್ಣ ಭೂಕಂಪವೇ! ಇದನ್ನು ಸರಿಪಡಿಸಲು ರಿಕ್ಟರ್ 1935ರಲ್ಲಿ ಹೊಸ ಲೆಕ್ಕ ಕೊಟ್ಟರು. ಕಂಪನ ದಾಖಲಿಸುವ ಯಂತ್ರದ ಗೆರೆ ಎಷ್ಟು ಎತ್ತರಕ್ಕೆ ಜಿಗಿದಿದೆ, ಭೂಕಂಪದ ಕೇಂದ್ರ ಎಷ್ಟು ದೂರದಲ್ಲಿದೆ ಎಂಬುದನ್ನು ಸೇರಿಸಿ ಒಂದು ಅಂಕ ಕೊಡುವ ಲೆಕ್ಕ ಅದು. ಇದರಲ್ಲಿ ಸಹೋದ್ಯೋಗಿ ಬೆನೊ ಗುಟೆನ್‌ಬರ್ಗ್ ಅವರ ಪಾಲೂ ದೊಡ್ಡದು. ಹೆಸರು ಮಾತ್ರ ರಿಕ್ಟರ್‌ಗೆ ಅಂಟಿಕೊಂಡಿತು.

ಇಲ್ಲಿ ಮೂರು ತಪ್ಪು ತಿಳಿವಳಿಕೆಗಳಿವೆ. ಒಂದು, ರಿಕ್ಟರ್ ಮಾಪಕ ಯಂತ್ರವಲ್ಲ, ಲೆಕ್ಕ. ಎರಡು, ಅದು ಹತ್ತಕ್ಕೆ ಇಷ್ಟು ಎಂದು ಕೊಡುವ ಮಾರ್ಕ್ಸ್ ಅಲ್ಲ. 5ಕ್ಕಿಂತ 6 ಅಂದರೆ ಯಂತ್ರದ ಗೆರೆ 10 ಪಟ್ಟು ಎತ್ತರ, ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚು. ಮೂರು, ಇಂದು ದೊಡ್ಡ ಭೂಕಂಪಗಳಿಗೆ ವಿಜ್ಞಾನಿಗಳು ಈ ಲೆಕ್ಕ ಬಳಸುವುದಿಲ್ಲ. 1979ರಲ್ಲಿ ಬಂದ ‘ಮೊಮೆಂಟ್ ಮ್ಯಾಗ್ನಿಟ್ಯೂಡ್’ ಬಳಸುತ್ತಾರೆ.

ರಿಕ್ಟರ್ ತಮ್ಮ ಮನೆಯ ಹಾಲ್‌ನಲ್ಲೇ ಕಂಪನ ದಾಖಲಿಸುವ ಯಂತ್ರ ಇಟ್ಟುಕೊಂಡಿದ್ದರು. ಅಷ್ಟು ಹಚ್ಚಿಕೊಂಡವರೂ ಮುಂದಿನ ಭೂಕಂಪ ಯಾವಾಗ ಎಂದು ಹೇಳಲು ಹೋಗಲಿಲ್ಲ. ದಿನ, ಸಮಯ ಹೇಳಿ ಹೆದರಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದರ ಬದಲು, ಅಲುಗಾಟ ತಡೆಯುವ ಕಟ್ಟಡ ಕಟ್ಟಿ ಎಂದು ಹೇಳುತ್ತಾ ಬಂದರು. 1985ರ ಸೆಪ್ಟೆಂಬರ್ 30ರಂದು ಪಸಡೀನಾದಲ್ಲೇ ತೀರಿಕೊಂಡರು.

ಅವರ ಮಾತು ಎಷ್ಟು ನಿಜ ಎನ್ನುವುದಕ್ಕೆ ನಮ್ಮ ಪಕ್ಕದ ಲಾತೂರೇ ಸಾಕ್ಷಿ. 1960ರಲ್ಲಿ ಚಿಲಿಯಲ್ಲಿ ಆದ 9.5ರ ಭೂಕಂಪ ಇದುವರೆಗೆ ದಾಖಲಾದದ್ದರಲ್ಲೇ ಅತಿ ದೊಡ್ಡದು. 1993ರಲ್ಲಿ ಲಾತೂರಿನಲ್ಲಿ ಆದದ್ದು ಬರೀ 6.2. ಆದರೂ ಸತ್ತವರು ಲಾತೂರಿನಲ್ಲೇ ಹೆಚ್ಚು, ಹತ್ತಿರ ಹತ್ತಿರ 10 ಸಾವಿರ ಜನ. ಬೆಳಗಿನ ಜಾವ ಎಲ್ಲರೂ ನಿದ್ದೆಯಲ್ಲಿದ್ದರು. ಕಲ್ಲು, ಮಣ್ಣಿನ ದಪ್ಪ ಗೋಡೆಗಳು ಅವರ ಮೇಲೇ ಕುಸಿದವು.

ದಿನ, ಗಂಟೆ, ಅಂಕ ಮೂರನ್ನೂ ಮೊದಲೇ ಹೇಳುವ ವಿದ್ಯೆ ಇಂದಿಗೂ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಹಾಗಾಗಿ ಅಂಥ ಮೆಸೇಜು ಬಂದರೆ ನಿಮ್ಮಲ್ಲೇ ನಿಲ್ಲಿಸಿ. ಹೊಸ ಮನೆ ಕಟ್ಟಿಸುವವರಿಗೆ ಮಾತ್ರ ಒಂದು ಪ್ರಶ್ನೆ ಫಾರ್ವರ್ಡ್ ಮಾಡಿ: ನೆಲ ಅಲುಗಿದರೆ ಈ ಗೋಡೆ ನಿಲ್ಲುತ್ತದೆಯೇ ಎಂದು ಎಂಜಿನಿಯರ್ ಹತ್ತಿರ ಕೇಳಿದ್ದೀರಾ?