ಬೆಳಗುಂದಿಯ ಹುಡುಗ ಹಿಮಾಲಯ ನಡೆದ ಕಥೆ

ನಮ್ಮ ಕಾಲೇಜಿನಲ್ಲಿ ಸೈಕಲ್ ಇರೋರಿಗೆಲ್ಲ ಒಂದೇ ಕನಸು. ಮನಾಲಿಯಿಂದ ಲೇಹ್‌ವರೆಗೆ ಸೈಕಲ್ ಹೊಡೀಬೇಕು, ಆಮೇಲೆ ಖರ್ದುಂಗ್ ಲಾ ಏರಿ ಅಲ್ಲಿಯ ಬೋರ್ಡ್ ಮುಂದೆ ಫೋಟೋ ತೆಗೆಸಬೇಕು. ಆ ಬೋರ್ಡ್ ಬಹಳ ವರ್ಷ 18,380 ಅಡಿ ಅಂತ ಹೇಳ್ತಾ ಬಂತು. ಜಿಪಿಎಸ್ ಅಳತೆ ಮಾತ್ರ ಸುಮಾರು 5,359 ಮೀಟರ್, ಅಂದ್ರೆ 17,600 ಅಡಿಗಿಂತ ಕಡಿಮೆ. ಅದಕ್ಕೆ ತಯಾರಿ ಅಂತ ಮಹಾಂತೇಶ ನಗರದ ನಮ್ಮ ಗುಂಪು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಕಡೆ ಹೋಗಿ ಬರುತ್ತೆ. ಲಡಾಖಿ ಭಾಷೆಯ 'ಲಾ' ಅಂದರೂ ನಮ್ಮ 'ಘಾಟ್' ಅಂದರೂ ಮೂಲದಲ್ಲಿ ಒಂದೇ ವಿಷಯ: ಬೆಟ್ಟದ ಸಾಲು ಸ್ವಲ್ಪ ತಗ್ಗಾಗಿ, ಈ ಕಡೆಯವರು ಆ ಕಡೆ ದಾಟೋಕೆ ಜಾಗ ಕೊಡುವ ತಾಣ.

ಈ ಕನಸನ್ನು ನೂರು ವರ್ಷಕ್ಕೂ ಹಿಂದೆ, ಗೇರ್ ಸೈಕಲ್ ಇಲ್ಲದೆ ಬರೀ ಕಾಲ್ನಡಿಗೆಯಲ್ಲಿ ನಡೆದು ತೋರಿಸಿದ ಒಬ್ಬರು ನಮ್ಮ ಬೆಳಗಾವಿಯ ಪಕ್ಕದಲ್ಲೇ ಬೆಳೆದವರು. ಹೆಸರು ದತ್ತಾತ್ರೇಯ ಬಾಲಕೃಷ್ಣ ಕಾಲೇಲ್ಕರ್. ದೇಶಕ್ಕೆ ಅವರು ಕಾಕಾ ಕಾಲೇಲ್ಕರ್ ಅಂತ ಗೊತ್ತು. ಗಾಂಧೀಜಿಯ ಹತ್ತಿರದವರು, ಹಿಂದುಳಿದ ವರ್ಗಗಳ ಮೊದಲ ಆಯೋಗದ ಅಧ್ಯಕ್ಷರು ಅಂತ ಜಿಕೆ ಪುಸ್ತಕದಲ್ಲಿ ಒಂದು ಸಾಲು ಬರುತ್ತೆ. ಅವರು ಬೆಳಗುಂದಿಯವರು ಅನ್ನೋದು ಆ ಸಾಲಿನಲ್ಲಿ ಇರೋದಿಲ್ಲ.

ಅವರು ಹುಟ್ಟಿದ್ದು 1885ರ ಡಿಸೆಂಬರ್ 1ರಂದು, ಸಾತಾರಾದಲ್ಲಿ. ಮನೆತನದ ಮೂಲ ಊರು ಸಾವಂತವಾಡಿ ಬಳಿಯ ಕಾಲೇಲಿ. ಅಡ್ಡಹೆಸರು ಬಂದದ್ದೂ ಅದರಿಂದಲೇ. ಅಂದ್ರೆ ಘಟ್ಟದ ಕೆಳಗಿನ ಮನೆತನ ಘಟ್ಟ ಹತ್ತಿ ಮೇಲೆ ಬಂದದ್ದು. ಮನೆ ಮಾತು ಮರಾಠಿ. ಅಪ್ಪನಿಗೆ ಸರ್ಕಾರಿ ಲೆಕ್ಕಪತ್ರದ ನೌಕರಿ, ಹಾಗಾಗಿ ವರ್ಗಾವಣೆಗೆ ಕೊನೆ ಇಲ್ಲ. ಕಾರವಾರ, ಧಾರವಾಡ, ಬೆಳಗಾವಿ ಅಂತ ಊರೂರು ಸುತ್ತುತ್ತಲೇ ಹುಡುಗನ ಬಾಲ್ಯ ಕಳೆಯಿತು. ಖಾನಾಪುರ, ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಗೋವಾಕ್ಕೆ ಇಳಿಯುವ ರೈಲು ದಾರಿ ತೆರೆದದ್ದೂ ಅವರು ಹುಟ್ಟಿದ ಆ ದಶಕದಲ್ಲೇ. ಈ ಅಲೆದಾಟದ ನೆನಪುಗಳನ್ನೆಲ್ಲ ಮುಂದೆ ಅವರು 'ಸ್ಮರಣಯಾತ್ರಾ' ಅನ್ನೋ ಪುಸ್ತಕ ಮಾಡಿದರು.

ಬೆಳಗುಂದಿ ಇರೋದು ಬೆಳಗಾವಿಯ ಪಶ್ಚಿಮಕ್ಕೆ. ಆ ಕಡೆ ನೋಡಿದರೆ ವೈಜನಾಥ ಗುಡ್ಡ, ಪಕ್ಕದಲ್ಲಿ ಮಾರ್ಕಂಡೇಯ ನದಿ. ಬೈಲೂರಿನ ಕಡೆ ಹುಟ್ಟಿ, ಗೋಕಾಕ ಭಾಗದಲ್ಲಿ ಘಟಪ್ರಭೆಗೆ ಸೇರುವ ಸಣ್ಣ ನದಿ ಇದು. ಇದಕ್ಕೆ ಅಡ್ಡಲಾಗಿ ಕಟ್ಟಿದ ರಾಕಸಕೊಪ್ಪ ಜಲಾಶಯದಿಂದ ಬೆಳಗಾವಿಗೆ ಕುಡಿಯುವ ನೀರು ಬರುತ್ತೆ. ಕಾಲೇಲ್ಕರ್ ಮುಂದೆ ಭಾರತದ ದೊಡ್ಡ ದೊಡ್ಡ ನದಿಗಳ ಬಗ್ಗೆ ಬರೆದರು. ಆದರೆ ಈ ಮಾರ್ಕಂಡಿಯನ್ನು ಮಾತ್ರ ತನ್ನ ಬಾಲ್ಯದ ಗೆಳತಿ ಅಂತಲೇ ಕರೆದು ಒಂದು ಪ್ರಬಂಧ ಬರೆದಿದ್ದಾರೆ. ನೋಡೋ ಕಣ್ಣು ಅವರಿಗೆ ಬಂದದ್ದು ಇಲ್ಲಿಂದ, ಗಂಗೆಯ ದಂಡೆಗೆ ಹೋದ ಮೇಲೆ ಅಲ್ಲ ಅಂತ ನಮಗೆ ಅನಿಸುತ್ತೆ.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿ 1907ರಲ್ಲಿ ಪದವಿ ಪಡೆದರು. ಅದು ಬಂಗಾಳ ವಿಭಜನೆಯ ನಂತರದ ಬಿಸಿ ಕಾಲ. ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಸ್ವಲ್ಪ ಕಾಲ ಪಾಠ ಮಾಡಿದರು, 'ರಾಷ್ಟ್ರಮತ' ಪತ್ರಿಕೆಯಲ್ಲಿ ದುಡಿದರು. 1910ರ ಹೊತ್ತಿಗೆ ಬರೋಡಾದ ಗಂಗನಾಥ ವಿದ್ಯಾಲಯ ಸೇರಿದರು. ಅಲ್ಲಿ ಶಿಕ್ಷಕರನ್ನು 'ಸರ್' ಅನ್ನುವಂತಿಲ್ಲ. ಮನೆಯವರ ಹಾಗೆ ಕಾಕಾ, ಮಾಮಾ ಅಂತ ಕರೀಬೇಕು. 'ಕಾಕಾ' ಅನ್ನೋ ಹೆಸರು ಅಂಟಿಕೊಂಡದ್ದು ಹೀಗೆ. ಆ ಶಾಲೆಯ ರಾಷ್ಟ್ರೀಯ ಮನೋಭಾವ ಬ್ರಿಟಿಷ್ ಸರ್ಕಾರಕ್ಕೆ ಸಹಿಸಲಿಲ್ಲ. ಶಾಲೆಗೆ ಬೀಗ ಬಿತ್ತು.

ಇಪ್ಪತ್ತಾರು ವರ್ಷದ ಯುವಕ. ಕೆಲಸ ಹೋಗಿದೆ, ನಂಬಿದ ಸಂಸ್ಥೆ ಮುಚ್ಚಿದೆ, ದೇಶದ ಚಳವಳಿಯೂ ತಣ್ಣಗಾಗಿದೆ. 1912ರಲ್ಲಿ ಅವರು ಹಿಮಾಲಯದ ಕಡೆ ಹೊರಟರು. ಜೊತೆಗೆ ಅನಂತಬುವಾ ಮರ್ಢೇಕರ್ ಮತ್ತು ಸ್ವಾಮಿ ಆನಂದ್. ಟ್ರೆಕ್ಕಿಂಗ್ ಅನ್ನೋ ಮಾತೇ ಅವರ ತಲೆಯಲ್ಲಿ ಇರಲಿಲ್ಲ. ಅಲ್ಲೇ ಉಳಿದು ಸಾಧನೆ ಮಾಡಬೇಕು ಅನ್ನೋ ಆಸೆ ಇತ್ತು.

ಆ ಕಾಲದ ದಾರಿ ಹೇಗಿತ್ತು ಅಂತ ಸ್ವಲ್ಪ ಯೋಚಿಸಿ. ರೈಲು ಹರಿದ್ವಾರ, ಡೆಹ್ರಾಡೂನ್, ಕಾಠಗೋದಾಮ್‌ವರೆಗೆ ಮಾತ್ರ. ಅಲ್ಲಿಂದ ಮುಂದೆ ಕಾಲ್ದಾರಿ. ಕೆಲವು ಮೈಲಿಗೊಂದು 'ಚಟ್ಟಿ' ಸಿಗುತ್ತಿತ್ತು. ಚಟ್ಟಿ ಅಂದ್ರೆ ಹುಲ್ಲು ಹೊದಿಸಿದ ತಂಗುದಾಣ. ಅಂಗಡಿಯವನ ಹತ್ತಿರ ಹಿಟ್ಟು, ಬೇಳೆ ಕೊಂಡರೆ ಮಲಗೋಕೆ ಜಾಗ ಪುಕ್ಕಟೆ, ಪಾತ್ರೆಯೂ ಸಿಗುತ್ತೆ, ಅಡುಗೆ ನಾವೇ ಮಾಡ್ಕೋಬೇಕು. ಹೀಗೆ ಅವರು ಯಮುನೋತ್ರಿ, ಗಂಗೋತ್ರಿ, ಕೇದಾರ, ಬದರಿ ನಾಲ್ಕನ್ನೂ ನಡೆದರು. ಯಮುನೋತ್ರಿಯಲ್ಲಿ ಬಿಸಿನೀರಿನ ಕುಂಡವಿದೆ. ಬಟ್ಟೆಯಲ್ಲಿ ಅಕ್ಕಿ ಕಟ್ಟಿ ಅದರಲ್ಲಿ ಇಳಿಬಿಟ್ಟರೆ ಅನ್ನ ಆಗುತ್ತೆ. ಇವತ್ತಿಗೂ ಯಾತ್ರಿಕರು ಹಾಗೆ ಮಾಡ್ತಾರೆ.

ಗಂಗೋತ್ರಿಯಿಂದ ಕೇದಾರಕ್ಕೆ ಈಗ ಬಸ್ಸು ನದಿಗುಂಟ ಕೆಳಗಿಳಿದು ಸುತ್ತಿ ಬರುತ್ತೆ. ಹಳೇ ಯಾತ್ರಿಕರ ದಾರಿ ಹಾಗಲ್ಲ. ಅದು ಬೂಢಾ ಕೇದಾರದ ಮೇಲೆ ಹಾದು, 11,000 ಅಡಿಗೂ ಎತ್ತರದ ಪಂವಾಲಿ ಹುಲ್ಲುಗಾವಲನ್ನು ಏರಿ, ತ್ರಿಯುಗಿ ನಾರಾಯಣಕ್ಕೆ ಇಳಿಯುತ್ತಿತ್ತು. ಒಂದು ಕಣಿವೆಯಿಂದ ಇನ್ನೊಂದಕ್ಕೆ ನೇರ ದಾಟು. ಬೆಳಗಾವಿ ಇರೋದು ಸುಮಾರು 750 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ನೂರಕ್ಕೆ ತೊಂಬತ್ತರಷ್ಟಾದರೂ ಇರುತ್ತೆ. ಕೇದಾರ ಸುಮಾರು 3,580 ಮೀಟರ್. ಅಲ್ಲಿ ಅದು ನೂರಕ್ಕೆ ಅರವತ್ತೈದರ ಆಸುಪಾಸು. ಪ್ರತಿ ಉಸಿರಿಗೆ ಮೂರನೇ ಒಂದು ಭಾಗ ಆಮ್ಲಜನಕ ಕಡಿಮೆ. ಇದಕ್ಕೆ ವೈದ್ಯರು ಇಂದು ಹೇಳುವ ಉಪಾಯ ಒಂದೇ, ನಿಧಾನ ಏರಿ ದೇಹಕ್ಕೆ ಒಗ್ಗಿಕೊಳ್ಳೋಕೆ ಸಮಯ ಕೊಡಿ. ಚಟ್ಟಿಯಿಂದ ಚಟ್ಟಿಗೆ ನಡೆಯುವವರಿಗೆ ಆ ಸಮಯ ತಾನಾಗಿಯೇ ಸಿಗುತ್ತಿತ್ತು. ವಿಮಾನದಲ್ಲಿ ಲೇಹ್‌ಗೆ ಇಳಿದು ಮರುದಿನವೇ ಖರ್ದುಂಗ್ ಲಾ ಏರೋಕೆ ಹೊರಡುವ ನಮ್ಮಂಥವರು ಇದನ್ನು ಗಮನಿಸಬೇಕು.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಸಂಘದಲ್ಲಿ ಒಂದು ಜಗಳವೇ ಆಯ್ತು. ಕಾಕಾ ಹೊರಟಾಗ ಮನೆಯಲ್ಲಿ ಹೆಂಡತಿ ಲಕ್ಷ್ಮೀಬಾಯಿ ಇದ್ದರು. ಚಿಕ್ಕ ಮಕ್ಕಳಿದ್ದರು. ಗಂಡಸು ಬೇಸರ ಬಂತು ಅಂತ ಹಿಮಾಲಯಕ್ಕೆ ಹೋದರೆ ಅದು ಯಾತ್ರೆ, ಹೆಂಗಸು ಹಾಗೆ ಹೋಗಿದ್ರೆ ಏನಂತಿದ್ರು ಅಂತ ನಮ್ಮಲ್ಲಿ ಕೆಲವರು ಕೇಳಿದರು. ಸರಿಯಾದ ಪ್ರಶ್ನೆ. ಹಿಮಾಲಯದ ನಡಿಗೆಯ ಪುಸ್ತಕ ಕಾಕಾ ಹೆಸರಿನಲ್ಲಿದೆ. ಅಷ್ಟು ದಿನ ಮಕ್ಕಳನ್ನು ಸಂಭಾಳಿಸಿದವರ ಪುಸ್ತಕ ಇಲ್ಲ. ಕಾಕಾರನ್ನು ಮೆಚ್ಚಿಕೊಂಡು ಬರೆಯುವಾಗಲೂ ಇದನ್ನು ಬಿಟ್ಟುಬಿಡೋದು ಬೇಡ ಅಂತ ನಾವೆಲ್ಲ ಒಪ್ಪಿದೆವು.

ಆದರೆ ಅವರು ವಾಪಸ್ ಬಂದರು ಅನ್ನೋದೂ ಅಷ್ಟೇ ನಿಜ. ಬೆಟ್ಟದ ಶಾಂತಿ ಸಿಕ್ಕರೂ ದೇಶದ ಸ್ವಾತಂತ್ರ್ಯದ ಯೋಚನೆ ಅವರನ್ನು ಬಿಡಲಿಲ್ಲ. ಶಾಂತಿನಿಕೇತನಕ್ಕೆ ಬಂದರು. 1915ರಲ್ಲಿ ಅಲ್ಲೇ ಗಾಂಧೀಜಿಯನ್ನು ಕಂಡರು. ಆಮೇಲೆ ಅವರ ಜಾಗ ಸಾಬರಮತಿ ಆಶ್ರಮದ ಶಾಲೆ. ಹೆಂಡತಿ, ಮಕ್ಕಳೂ ಆಶ್ರಮಕ್ಕೆ ಬಂದರು. ಮುಂದೆ ಗುಜರಾತ್ ವಿದ್ಯಾಪೀಠ, ಮತ್ತೆ ಮತ್ತೆ ಜೈಲು, ಸ್ವಾತಂತ್ರ್ಯದ ನಂತರ 1952ರಿಂದ 1964ರವರೆಗೆ ರಾಜ್ಯಸಭೆ. ತೀರಿಕೊಂಡದ್ದು 1981ರ ಆಗಸ್ಟ್ 21ರಂದು, 95ನೇ ವಯಸ್ಸಿನಲ್ಲಿ.

ಹಿಮಾಲಯದ ನಡಿಗೆಯನ್ನು ಅವರು ತಕ್ಷಣ ಬರೆಯಲಿಲ್ಲ. ವರ್ಷಗಳ ನಂತರ, ಆಶ್ರಮದ ಕೈಬರಹದ ಪತ್ರಿಕೆಗಾಗಿ, ಅಲ್ಲಿಯ ವಿದ್ಯಾರ್ಥಿಗಳು ಓದಲಿ ಅಂತ ಕಂತು ಕಂತಾಗಿ ಬರೆದರು. ಅದೂ ಮನೆ ಮಾತಲ್ಲದ ಗುಜರಾತಿಯಲ್ಲಿ. 1924ರಲ್ಲಿ 'ಹಿಮಾಲಯನೋ ಪ್ರವಾಸ್' ಅಂತ ಪುಸ್ತಕವಾಗಿ ಬಂತು. ಗುಜರಾತಿ ಪ್ರವಾಸ ಸಾಹಿತ್ಯದ ಮಾತು ಬಂದಾಗ ಇವತ್ತಿಗೂ ಮೊದಲು ಬರೋ ಹೆಸರು ಅದು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಈಗ ಕನ್ನಡದಲ್ಲಿ ತಡವರಿಸಿ ಬರೆಯುತ್ತಿರುವ ನಮಗೆ ಇದರಿಂದ ಎಷ್ಟು ಧೈರ್ಯ ಬಂತು ಅಂತ ಹೇಳೋಕಾಗಲ್ಲ. ಬೆಳಗಾವಿಯ ಮರಾಠಿ ಹುಡುಗ ಗುಜರಾತಿಯಲ್ಲಿ ದೊಡ್ಡ ಲೇಖಕ ಆಗಬಹುದಾದರೆ, ನಾವು ನಮ್ಮ ಕನ್ನಡದಲ್ಲಿ ಒಂದು ಲೇಖನ ಬರೆಯಬಾರದಾ?

ಅದಕ್ಕೇ ಈ ಸಲ ಚೋರ್ಲಾಕ್ಕೆ ಹೋಗಿ ಬಂದವರಿಗೆ ಸಂಘದಿಂದ ಒಂದು ಷರತ್ತು. ಎಷ್ಟು ಕಿಲೋಮೀಟರ್, ಎಷ್ಟು ಏರು ಅಂತ ಆ್ಯಪ್‌ನ ಸ್ಕ್ರೀನ್‌ಶಾಟ್ ಕಳಿಸಿದರೆ ಸಾಲದು. ದಾರಿಯಲ್ಲಿ ಯಾವ ಹಳ್ಳ ದಾಟಿದಿರಿ, ಅದು ಎಲ್ಲಿಗೆ ಹೋಗಿ ಸೇರುತ್ತೆ, ಯಾರ ಮನೆಯಲ್ಲಿ ನೀರು ಕುಡಿದಿರಿ, ನೀವು ಬರೋವರೆಗೆ ಮನೆಯಲ್ಲಿ ಯಾರು ಕಾಯ್ತಾ ಕೂತಿದ್ರು ಅಂತ ಒಂದು ಪುಟ ಬರೆದು ಕೊಡಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿದ್ದೇವೆ.