ಬೆಟ್ಟದ ಬಿರುಕನ್ನು ಓದಿದ ಕಾರ್ಲ್ ಟೆರ್ಜಾಗಿ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬುದು ನಮ್ಮ ಹಿರಿಯರ ಗಾದೆ. ಬೆಟ್ಟದ ಬಳಿಗೇ ಹೋಗಿ, ಅದರ ಬಿರುಕುಗಳನ್ನೂ ಒರತೆಗಳನ್ನೂ ಪರೀಕ್ಷಿಸಿ, ಅದು ನಿಲ್ಲುವುದೋ ಜರಿಯುವುದೋ ಎಂಬುದನ್ನು ಶಾಸ್ತ್ರಬಲದಿಂದ ನಿರ್ಣಯಿಸಲು ಲೋಕಕ್ಕೆ ಕಲಿಸಿದವರಲ್ಲಿ ಕಾರ್ಲ್ ಟೆರ್ಜಾಗಿಯವರು ಅಗ್ರಗಣ್ಯರು. ಗಣಿಗಾಗಲಿ ರೈಲುಮಾರ್ಗಕ್ಕಾಗಲಿ ಸುರಂಗ ಕೊರೆಯುವಾಗ, ಅದರ ಬಾಯಿಯ ಮೇಲಿನ ಇಳಿಜಾರು ಬಹು ಅಪಾಯದ ಸ್ಥಳ. ಅಲ್ಲಿಯ ಬಂಡೆಯು ಬಿಸಿಲುಮಳೆಗೆ ಶಿಥಿಲವಾಗಿರುತ್ತದೆ. ದಾರಿಗಾಗಿ ಗುಡ್ಡದ ಬುಡವನ್ನೂ ಕಡಿದಿರುತ್ತಾರೆ. ಕೂಲಿಗಾರರು ದಿನವೂ ಹಾದುಹೋಗಬೇಕಾದ ಬಾಗಿಲೂ ಅದೇ.

ಟೆರ್ಜಾಗಿಯವರು 1883ರ ಅಕ್ಟೋಬರ್ 2ರಂದು, ಆಗ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯಕ್ಕೆ ಸೇರಿದ್ದ ಪ್ರಾಗ್ ನಗರದಲ್ಲಿ, ಸೈನ್ಯಾಧಿಕಾರಿಯೊಬ್ಬರ ಮಗನಾಗಿ ಜನಿಸಿದರು. ಗ್ರಾಟ್ಸ್ ನಗರದಲ್ಲಿ ಯಂತ್ರಶಾಸ್ತ್ರವನ್ನು ಓದಿ 1904ರಲ್ಲಿ ಪದವೀಧರರಾದರೂ, ಅವರ ಮನಸ್ಸು ಒಲಿದದ್ದು ಭೂಗರ್ಭಶಾಸ್ತ್ರಕ್ಕೆ. ಕಬ್ಬಿಣ ಕಾಂಕ್ರೀಟುಗಳ ಬಲವನ್ನು ಕೂದಲೆಳೆಯಷ್ಟೂ ತಪ್ಪದಂತೆ ಲೆಕ್ಕಹಾಕುವ ಎಂಜಿನಿಯರರು, ಅವನ್ನು ಹೊರುವ ನೆಲದ ವಿಷಯದಲ್ಲಿ ಮಾತ್ರ ಊಹೆಯನ್ನೇ ನೆಚ್ಚಿರುವುದನ್ನು ಅವರು ಕಂಡರು. 1912ರಲ್ಲಿ ಅಮೆರಿಕೆಗೆ ತೆರಳಿ ಅಣೆಕಟ್ಟುಗಳನ್ನು ಸುತ್ತಿ ನೋಡಿದರು. ಅಲ್ಲಿಯೂ ಉತ್ತರ ದೊರೆಯದೆ ನಿರಾಶರಾಗಿ ಮರಳಿದರು.

1916ರಲ್ಲಿ ಇಸ್ತಾಂಬುಲಿನಲ್ಲಿ ಅಧ್ಯಾಪಕರಾದರು. ಯುದ್ಧಾನಂತರ ಆ ಹುದ್ದೆ ಕೈತಪ್ಪಿತು. ಅಲ್ಲಿಯ ರಾಬರ್ಟ್ ಕಾಲೇಜು ಆಶ್ರಯವಿತ್ತಿತು. ಪ್ರಯೋಗಶಾಲೆಗೆ ಹಣವಿರಲಿಲ್ಲ. ಚುರುಟಿನ ಪೆಟ್ಟಿಗೆಗಳಂತಹ ಬಿಸಾಡಿದ ವಸ್ತುಗಳಿಂದಲೇ ಉಪಕರಣಗಳನ್ನು ರಚಿಸಿ, ಹಸಿಮಣ್ಣನ್ನು ಒತ್ತಿ, ಹಿಂಡಿ, ಅಳೆದು ವರ್ಷಗಟ್ಟಲೆ ತಪಸ್ಸು ಮಾಡಿದರು.

ಆ ತಪಸ್ಸಿನ ಫಲ ಹೀಗಿತ್ತು: ಮಣ್ಣಿನ ಮೇಲೆ ಬಿದ್ದ ಭಾರವನ್ನು ಕಣಗಳೂ, ಅವುಗಳ ಸಂದಿನಲ್ಲಿರುವ ನೀರೂ ಹಂಚಿಕೊಂಡು ಹೊರುತ್ತವೆ. ಕಣಕ್ಕೆ ಕಣ ಒತ್ತಿಕೊಂಡಿದ್ದರೆ ಹಿಡಿತವಿರುತ್ತದೆ. ನೀರಿನ ಒತ್ತಡ ಏರಿದಷ್ಟೂ ಆ ಹಿಡಿತ ಸಡಿಲುತ್ತದೆ. ಮಳೆನೀರು ಎಣ್ಣೆಯಂತೆ ಸವರಿ ಗುಡ್ಡವನ್ನು ಜಾರಿಸುತ್ತದೆಂಬ ಹಳೆಯ ನಂಬಿಕೆಯನ್ನು 1950ರ ಪ್ರಬಂಧದಲ್ಲಿ ಅವರು ಖಂಡಿಸಿದರು. 1925ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾದ ಅವರ ಜರ್ಮನ್ ಗ್ರಂಥದಿಂದ ಮೃತ್ತಿಕಾಶಾಸ್ತ್ರವೆಂಬ ಹೊಸ ಎಂಜಿನಿಯರಿಂಗ್ ವಿದ್ಯೆಗೆ ಅಡಿಪಾಯ ಬಿದ್ದಿತು.

1938ರಲ್ಲಿ ಹಿಟ್ಲರನು ಆಸ್ಟ್ರಿಯಾವನ್ನು ಕಬಳಿಸಿದ ಬಳಿಕ ಟೆರ್ಜಾಗಿಯವರು ಅಮೆರಿಕೆಯ ಹಾರ್ವರ್ಡ್ ವಿದ್ಯಾಪೀಠವನ್ನು ಸೇರಿದರು. ಸುರಂಗಕ್ಕೆ ಕೊಡುವ ಉಕ್ಕಿನ ಆಧಾರಗಳು ಎಷ್ಟು ಭಾರ ಹೊರಬೇಕೆಂಬುದನ್ನು ಬಂಡೆಯ ಸ್ಥಿತಿಗೆ ತಕ್ಕಂತೆ ವಿಂಗಡಿಸಿ 1946ರಲ್ಲಿ ನಿರೂಪಿಸಿದರು. 1962ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಕಡಿದಾದ ಬಂಡೆಯ ಇಳಿಜಾರುಗಳನ್ನು ಕುರಿತು ಬರೆದರು. ಬಂಡೆ ಎಷ್ಟೇ ಗಟ್ಟಿಯಾಗಿರಲಿ, ಇಳಿಜಾರಿನ ಅಳಿವು ಉಳಿವು ಅದರ ಸೀಳುಗಳ ಕೈಯಲ್ಲಿದೆ ಎಂಬುದು ಅದರ ತಿರುಳು. ಸೀಳು ಯಾವ ಕಡೆಗೆ ವಾಲಿದೆ? ಅದರ ಕೆಳತುದಿ ಕಡಿದ ಮುಖದಲ್ಲಿ ತೆರೆದುಕೊಂಡಿದೆಯೆ? ಒಳಗೆ ನೀರು ಎಷ್ಟು ನಿಂತಿದೆ? ಸುರಂಗದ ಬಾಯಿಯ ಮುಂದೆ ನಿಂತವನು ಮೊದಲು ಕೇಳಬೇಕಾದ ಪ್ರಶ್ನೆಗಳಿವು.

ಮರುವರ್ಷವೇ, 1963ರ ಅಕ್ಟೋಬರ್ 9ರ ರಾತ್ರಿ, ಇಟಲಿಯ ವಾಯೊಂಟ್ ಅಣೆಕಟ್ಟಿನ ಜಲಾಶಯಕ್ಕೆ ಬೆಟ್ಟದ ಪಾರ್ಶ್ವವೊಂದು ಜರಿದು ಬಿದ್ದು, ಉಕ್ಕಿದ ನೀರಿಗೆ ಸುಮಾರು 2000 ಜನರು ಬಲಿಯಾದರು. ಆ ಇಳಿಜಾರು ಚಲಿಸುತ್ತಿರುವುದು 1960ರಲ್ಲೇ ತಿಳಿದುಬಂದಿತ್ತು. ಅದೇ ತಿಂಗಳ 25ರಂದು ಟೆರ್ಜಾಗಿಯವರು ತೀರಿಕೊಂಡರು. ಕೆನಡಾದಲ್ಲಿ ಅವರು ನೆರವಾಗಿದ್ದ ಒಂದು ಅಣೆಕಟ್ಟಿಗೆ ಅವರ ಹೆಸರನ್ನೇ ಇಡಲಾಗಿದೆ.

ಮೊದಲ ಲೆಕ್ಕವನ್ನೇ ಕೊನೆಯದೆಂದು ನಂಬದೆ, ಕೆಲಸ ಸಾಗಿದಂತೆ ಬಿರುಕು ಅಗಲವಾಯಿತೇ, ನೀರಿನ ಮಟ್ಟ ಏರಿತೇ ಎಂದು ಅಳೆಯುತ್ತ ಯೋಜನೆಯನ್ನು ತಿದ್ದಿಕೊಳ್ಳಬೇಕೆಂಬುದು ಅವರ ಜೀವನದ ಮುಖ್ಯ ಬೋಧೆ. ಮುಂಬಯಿಯಿಂದ ಮಂಗಳೂರಿನ ಕಡೆಗೆ ಊರಿಗೆ ಹೊರಟ ನಮ್ಮವರು, ಮಳೆಗಾಲದಲ್ಲಿ ಕೊಂಕಣ ರೈಲು ಪ್ರತ್ಯೇಕ ವೇಳಾಪಟ್ಟಿಯಂತೆ ನಿಧಾನವಾಗಿ ಓಡುವುದನ್ನು ಕಂಡು ಬೇಸರಪಡುವುದುಂಟು. ಕಡಿದ ದರೆಗಳ ಹಾಗೂ ಸುರಂಗದ ಬಾಯಿಗಳ ಮೇಲೆ ಕಣ್ಣಿಟ್ಟು ಕಾಯುವ ಸಿಬ್ಬಂದಿಗೆ ಆ ನಿಧಾನವು ಅಗತ್ಯ. ಗುಡ್ಡಕ್ಕೆ ನೀರು ಏನು ಮಾಡುತ್ತದೆಂಬುದನ್ನು ಅರಿತವರು ಆ ವಿಳಂಬಕ್ಕೆ ಬೇಸರಪಡಲಾರರು.