ಉಳುವವನಿಗೆ ಹೊಲ ಕೊಡಿಸಿದ ದೇವರಾಜ ಅರಸರು

ನೇಗಿಲು ಹಿಡಿಯುವವನು ಒಬ್ಬನು, ಪಹಣಿಯಲ್ಲಿ ಹೆಸರುಳ್ಳವನು ಮತ್ತೊಬ್ಬನು ಆಗಿರುವಾಗ ಉಂಟಾಗುವ ಸಂಕಟವು ಎಮ್ಮೆದೊಡ್ಡಿಯ ಹೊಲಗಳಲ್ಲಿ ದುಡಿಯುವ ನಮಗೆ ತಿಳಿಯದ್ದಲ್ಲ. ಆ ಸಂಕಟವನ್ನು ನೀಗಿಸಲು ಮುಂದಾದವರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ.

ದೇವರಾಜ ಅರಸರು 1915ನೆಯ ಆಗಸ್ಟ್ 20ರಂದು ಹುಣಸೂರು ತಾಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿದರು. ಅವರ ಕುಲವು ಮೈಸೂರಿನ ರಾಜಮನೆತನಕ್ಕೆ ಸಂಬಂಧಪಟ್ಟದ್ದು. ಆದರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಮೇಲೆ ಅವರು ಸ್ವಂತ ಊರಿಗೆ ಹಿಂದಿರುಗಿ ಬೇಸಾಯದಲ್ಲಿ ತೊಡಗಿದರು. 1941ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಆರಿಸಲ್ಪಟ್ಟರು. 1942ರ ಚಳವಳಿಯಲ್ಲಿ ಸೆರೆಮನೆಯನ್ನೂ ಕಂಡರು. 1952ರಲ್ಲಿ ಹುಣಸೂರಿನಿಂದ ಶಾಸನಸಭೆಯನ್ನು ಸೇರಿದರು. 1972ನೆಯ ಮಾರ್ಚ್ 20ರಂದು ಮುಖ್ಯಮಂತ್ರಿಗಳಾದರು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು ಅವರ ಕಾಲದಲ್ಲಿ, 1973ರಲ್ಲಿ.

ಗೇಣಿದಾರರನ್ನು ಕಾಯುವ ಕಾನೂನು 1961ರಲ್ಲಿಯೇ ಆಗಿತ್ತು. ಆದರೆ ಸ್ವಂತ ಬೇಸಾಯದ ನೆವದಿಂದ ಒಡೆಯರು ಹೊಲವನ್ನು ಬಿಡಿಸಿಕೊಳ್ಳಲು ಅದರಲ್ಲಿ ದಾರಿಯಿತ್ತು. ಅರಸರ ಸರ್ಕಾರವು ಆ ದಾರಿಯನ್ನು ಮುಚ್ಚಿತು. 1974ನೆಯ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲವೂ ಸರ್ಕಾರಕ್ಕೆ ಸೇರಿತು. ಉಳುವವನು ಅರ್ಜಿ ಕೊಟ್ಟು, ಗೊತ್ತುಮಾಡಿದ ಹಣವನ್ನು ತೆತ್ತು, ಅದನ್ನು ತನ್ನದಾಗಿ ಪಡೆಯಬಹುದಾಯಿತು. ತೀರ್ಮಾನಕ್ಕಾಗಿ ತಾಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ಕೂತವು. ಅವುಗಳ ಸದಸ್ಯರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು ಇರಲೇಬೇಕಿತ್ತು. ಮೊದಲು ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಆದದರಿಂದ ವಕೀಲರಿಗೆ ಹಣ ತೆರಲಾರದ ಬಡವನೂ ಒಡೆಯನ ಎದುರಿಗೆ ನಿಂತು ತನ್ನ ಮಾತನ್ನು ತಾನೇ ಹೇಳಿದನು. ಸುಮಾರು 8 ಲಕ್ಷ ಅರ್ಜಿಗಳು ಬಂದವು. ಗೇಣಿಯೂ ಇಲ್ಲದೆ ಬರೀ ಕೂಲಿಯಿಂದ ಬದುಕುವವರಿಗೆ ಮಾತ್ರ ಈ ಕಾನೂನಿನಿಂದ ದೊರೆತದ್ದು ಸ್ವಲ್ಪವೇ ಎಂಬದನ್ನೂ ಮರೆಮಾಡಲಾರೆವು.

ಹಿಂದುಳಿದವರ ಸ್ಥಿತಿಯನ್ನು ವಿಚಾರಿಸಲು ಅವರು 1972ರಲ್ಲಿ ಎಲ್. ಜಿ. ಹಾವನೂರರ ಆಯೋಗವನ್ನು ನೇಮಿಸಿದರು. 1975ರಲ್ಲಿ ಅದರ ವರದಿಯು ಬಂದಿತು. ಅವರ ಮಂತ್ರಿಗಳಾದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು.

ಅವರ ಆಡಳಿತದ ಮೇಲೆ ಲಂಚದ ದೂರುಗಳೂ ಬಂದವು. 1977ರಲ್ಲಿ ಕೇಂದ್ರ ಸರ್ಕಾರವು ವಿಚಾರಣೆಗೆ ಆಯೋಗವನ್ನು ನೇಮಿಸಿತು. 1978ರಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಲ್ಲಿ ಗೆದ್ದಾಗ ಬೆಂಬಲವಾಗಿ ನಿಂತ ಅರಸರು ಮರುವರ್ಷವೇ ಅವರಿಂದ ಅಗಲಿದರು. 1980ರ ಜನವರಿಯಲ್ಲಿ ಅಧಿಕಾರವು ಹೋಯಿತು. 1982ನೆಯ ಜೂನ್ 6ರಂದು ತೀರಿಕೊಂಡರು.

ಪದವಿಯು ಅವರ ಕೈಯಲ್ಲಿ ನಿಲ್ಲಲಿಲ್ಲ. ಉಳುವವನ ಕೈಗೆ ಬಂದ ಹಕ್ಕುಪತ್ರವು ನಿಂತಿತು. ಅಂಥ ಪತ್ರವು ಮನೆಯಲ್ಲಿರುವವರು ಅದನ್ನು ಜೋಪಾನವಾಗಿಡಲಿ. ಅದು ಹೇಗೆ ಬಂದಿತೆಂಬದನ್ನು ಮಕ್ಕಳಿಗೂ ತಿಳಿಸಲಿ.